ಸಹಾಯ ಬೇಕು: ಬೆನ್ನಿನ ನೀರಿನ ಪರೀಕ್ಷೆ ಮಾಡಿಸಿದವರು ಇದ್ದೀರಾ?

ನಮಸ್ಕಾರ, ನಾವು ಹಾಸನದವರು. ನನ್ನ ತಂಗಿಗೆ ಬಲಗಣ್ಣು ಇದ್ದಕ್ಕಿದ್ದಂತೆ ಮಂಜಾಗಿದೆ. ಕಣ್ಣು ಆಡಿಸಿದರೆ ನೋವು, ಕೆಂಪು ಬಣ್ಣ ಮಾಸಿದಂತೆ ಕಾಣುತ್ತದೆ. ಆಪ್ಟಿಕ್ ನ್ಯೂರೈಟಿಸ್, ಅಂದರೆ ಕಣ್ಣಿನ ನರದ ಉರಿಯೂತ ಎಂದಿದ್ದಾರೆ. ಸ್ಟೀರಾಯ್ಡ್ ಡ್ರಿಪ್ ಶುರುವಾಗಿದೆ.

ಈಗ ಬೆನ್ನಿನಿಂದ ನೀರು (ಮೆದುಳು, ಬೆನ್ನುಹುರಿ ಸುತ್ತಲಿನ ದ್ರವ) ತೆಗೆದು ಆಲಿಗೋಕ್ಲೋನಲ್ ಬ್ಯಾಂಡ್, ಅಂದರೆ ಪರೀಕ್ಷೆಯಲ್ಲಿ ಪಟ್ಟಿಗಳಂತೆ ಕಾಣುವ ಆಂಟಿಬಾಡಿ (ರೋಗನಿರೋಧಕ ಪ್ರೋಟೀನ್) ಇದೆಯೇ ಎಂದು ನೋಡಬೇಕಂತೆ. ಜೊತೆಗೆ ರಕ್ತವನ್ನೂ ತೆಗೆದು ಹೋಲಿಸುತ್ತಾರೆ. ಬ್ಯಾಂಡ್ ಬೆನ್ನಿನ ನೀರಿನಲ್ಲಿ ಮಾತ್ರ ಇದ್ದರೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಗೆ ಹಾನಿ ಮಾಡುವ ಕಾಯಿಲೆ) ಅನುಮಾನ ಜಾಸ್ತಿ. ಕಣ್ಣಿನ ನರಕ್ಕೆ ಹೀಗೇ ಉರಿಯೂತ ತರುವ ಬೇರೆ ಕಾಯಿಲೆಗಳನ್ನು ತೋರಿಸುವ ಅಕ್ವಾಪೊರಿನ್-4, ಮಾಗ್ (MOG) ಆಂಟಿಬಾಡಿಗಳನ್ನು ಮುಖ್ಯವಾಗಿ ರಕ್ತದಲ್ಲೇ ಹುಡುಕುತ್ತಾರೆ. ಯಾವ ಕಾಯಿಲೆ ಎಂದು ಸರಿಯಾಗಿ ಗೊತ್ತಾಗಲೇಬೇಕು. ಎಂಎಸ್‌ಗೆ ಕೊಡುವ ಕೆಲವು ಔಷಧಿ ಅಕ್ವಾಪೊರಿನ್ ಕಾಯಿಲೆ ಇರುವವರಿಗೆ ತೊಂದರೆ ಮಾಡಬಹುದು.

ಹಾಸನದಲ್ಲೇ ಸ್ಯಾಂಪಲ್ ತೆಗೆದು ಬೆಂಗಳೂರಿಗೆ ಕಳಿಸುವ ಲ್ಯಾಬ್ ಗೊತ್ತಾ? ನಿಮ್ಹಾನ್ಸ್‌ಗೆ ನೇರ ಹೋಗುವುದೇ ಒಳ್ಳೆಯದಾ? ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಅಂತ ಅಮ್ಮ ಅಳುತ್ತಿದ್ದಾರೆ. ಬೆನ್ನುಹುರಿ ಮುಗಿದ ಮೇಲೆ, ಅದರ ಕೆಳಗೆ ಸೂಜಿ ಹಾಕುತ್ತಾರೆ ಎಂದರೂ ಸಮಾಧಾನವಿಲ್ಲ. ಮಾಡಿಸಿಕೊಂಡವರು ಯಾರಾದರೂ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತೀರಾ, ಪ್ಲೀಸ್?