ಉದುರುವ ಅರಳಿ ಎಲೆ ಹಾಳೆಗೆ ಅಂಟಿಸಿದ ಹಾಗೆ ಕಾಣ್ತಿದೆ (ಜಲವರ್ಣ): ಸಹಾಯ ಬೇಕು

ಕುಂಚಕಲಿಕೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹತ್ತಿರದ ಅರಳಿಕಟ್ಟೆಯಲ್ಲಿ ಈಗ ಎಲೆ ಉದುರೋ ಕಾಲ. ಬೆಳಿಗ್ಗೆ ಹೋದ್ರೆ ನಾಗರಕಲ್ಲುಗಳ ಮೇಲೆಲ್ಲ ಹಣ್ಣೆಲೆ. ಒಂದು ಎಲೆ ಕೊಂಬೆ ಬಿಟ್ಟು ಕಟ್ಟೆ ಕಡೆಗೆ ಇಳೀತಿರೋದನ್ನ ಬರೀಬೇಕು ಅಂತ ಮೂರು ವಾರದಿಂದ ಒದ್ದಾಡ್ತಿದ್ದೀನಿ. ಐದು ಹಾಳೆ ಮುಗೀತು. ನರ, ತೊಟ್ಟು, ಬಾಲದಂಥ ತುದಿ ಎಲ್ಲ ಸರಿಯಾಗಿ ಬಂದಿದೆ, ಆದ್ರೆ ಎಲೆ ಬೀಳ್ತಾನೇ ಇಲ್ಲ. ಪುಸ್ತಕದೊಳಗೆ ಒಣಗಿಸಿ ಅಂಟಿಸಿದ ಹಾಗಿದೆ. ನೆರಳು ಹಾಕಿದ ಮೇಲಂತೂ ಇನ್ನೂ ಗಟ್ಟಿಯಾಗಿ ಅಂಟಿಕೊಳ್ತು. ಜೊತೆಗೆ ಹಳದಿ ಕಂದಾಗುವ ಜಾಗದಲ್ಲಿ ಪ್ರತಿ ಸಲ ಕೆಸರು ಬಣ್ಣ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ ದಪ್ಪದ್ದು) ಕಾಟನ್, ಹಾಗಾಗಿ ತಪ್ಪು ಕಾಗದದ್ದಲ್ಲ ಅನ್ಸುತ್ತೆ.

ಬಿಳಿಹಾಳೆ:
ಎರಡು ಪ್ರಶ್ನೆ ಮೇಡಂ. ಎಲೆಯನ್ನ ಎಲ್ಲಿಟ್ಟು ನೋಡಿ ಬರೆದ್ರಿ? ಚಿತ್ರದ ಎಲೆಗೂ ನಿಜವಾದ ಎಲೆಗೂ ಸ್ಕೇಲ್ ಇಟ್ಟು ಉದ್ದ ಅಗಲ ಅಳೆದು ಹೇಳ್ತೀರಾ?

ಕುಂಚಕಲಿಕೆ:
ಮೇಜಿನ ಮೇಲಿಟ್ಟು ಬರೆದೆ ಸರ್. ನಿಜವಾದ್ದು 11 ಸೆಂಟಿಮೀಟರ್ ಉದ್ದ, 8 ಅಗಲ. ಚಿತ್ರದಲ್ಲೂ ಅಷ್ಟೇ ಇದೆ.

ಬಿಳಿಹಾಳೆ:
ಸಿಕ್ಕಿತು. ಮೇಜಿನ ಮೇಲೆ ಮಲಗಿದ ಎಲೆಯನ್ನ ಮೇಲಿಂದ ನೋಡಿ, ಅದರ ಪೂರ್ತಿ ಅಳತೆಯನ್ನೇ ಹಾಳೆಗೆ ಇಳಿಸಿದ್ದೀರಿ. ಗಾಳಿಯಲ್ಲಿರೋ ಎಲೆ ತನ್ನ ಪೂರ್ತಿ ಅಳತೆ ತೋರ್ಸೋದು ಬಹಳ ಅಪರೂಪ.

ಕಟ್ಟೆ ಹತ್ತಿರ ಕೂತು ಹತ್ತು ಎಲೆ ಬೀಳೋದನ್ನ ನೋಡಿ. ನೇರ ಇಳಿಯಲ್ಲ, ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ಜಾರ್ತಾ ಬರುತ್ತೆ. ಜಾರಿ ಹೋದ ಕಡೆ ಮುಂದಿನ ಅಂಚು ಮೇಲಕ್ಕೇಳುತ್ತೆ, ವೇಗ ಕಳ್ಕೊಂಡು ಒಂದು ಕ್ಷಣ ನಿಂತ ಹಾಗಾಗುತ್ತೆ, ಆಮೇಲೆ ವಾಪಸ್ ಜಾರುತ್ತೆ. ನಿಮಗೆ ಬೇಕಾಗಿರೋದು ಆ ತಿರುವು. ಮೊಬೈಲ್‌ನಲ್ಲಿ ಸ್ಲೋ ಮೋಷನ್ ಇದ್ರೆ, ಸೆಕೆಂಡಿಗೆ 240 ಫ್ರೇಮ್ ಇಟ್ಟು ತೆಗೀರಿ, ತಿರುವು ಚೆನ್ನಾಗಿ ಸಿಗುತ್ತೆ.

ಬರೆಯೋಕೆ ಮಾತ್ರ ಫೋಟೋ ಸಾಲದು. ಹೊಲಿಗೆ ದಾರಕ್ಕೆ ಎಲೆ ಕಟ್ಟಿ ಕಣ್ಣಿನ ಮಟ್ಟಕ್ಕೆ ತೂಗುಹಾಕಿ, ತುದಿ ನಿಮ್ಮ ಕಡೆ ಬರೋ ಹಾಗೆ ವಾಲಿಸಿ. 11 ಸೆಂಟಿಮೀಟರ್ ಉದ್ದ ಐದಕ್ಕೆ ಇಳಿದಿರುತ್ತೆ. ಕೈ ಒಪ್ಪಲ್ಲ, ಎಲೆ ಉದ್ದ ಅಂತ ಮನಸ್ಸಿಗೆ ಗೊತ್ತಲ್ಲ, ಎಳೆಯೋಕೆ ನೋಡುತ್ತೆ. ಪೆನ್ಸಿಲ್ ಚಾಚಿ ಅಳೆದು ಕಣ್ಣಿಗೆ ಕಂಡಷ್ಟೇ ಹಾಕಿ. ಮೊದಲು ನಡುನರ, ಒಂದೇ ಬಾಗಿದ ಗೆರೆ. ಆಮೇಲೆ ಹತ್ತಿರದ ಅಂಚು. ಆಚೆ ಅರ್ಧ ಬರೀ ಸೀಳಿನಷ್ಟು ಕಾಣುತ್ತೆ, ಅಲ್ಲಿ ಅಂಚು ಮಗುಚಿದ್ರೆ ಎಲೆಯ ಬೆನ್ನು ಕಾಣುತ್ತೆ. ಅರಳಿ ಎಲೆಯ ಬೆನ್ನಿಗೆ ಮುಂಭಾಗದ ಹೊಳಪಿಲ್ಲ, ಬಣ್ಣವೂ ತೆಳು. ಆ ಒಂದು ತೆಳು ಪಟ್ಟಿ ಬಂತು ಅಂದ್ರೆ ಎಲೆ ಹಾಳೆ ಬಿಟ್ಟು ಎದ್ದ ಹಾಗೇ.

ಧಾರವಾಡದ ಬಣ್ಣ:
ನೆರಳಿನ ಬಗ್ಗೆ ನಾ ಹೇಳ್ತೀನ್ರಿ ಅಕ್ಕಾರ. ನೀವು ಎಲಿ ಅಂಚಿಗೆ ಹತ್ತಿ ನೆರಳು ಬರದೀರಿ. ನೆರಳು ಮುಟ್ಟಿತು ಅಂದ್ರ ಎಲಿ ನೆಲಕ್ಕ ಕುಂತಂಗ. ನಡುವ ಜಾಗಾ ಬಿಡ್ರಿ, ಕಲ್ಲಿನ ಮ್ಯಾಲೆ ದೂರ ಹಾಕ್ರಿ.

ಇನ್ನೊಂದು, ನೆರಳಿನ ಅಂಚು. ಬಿಸಿಲಾಗ ಬಿಳಿ ಹಾಳಿ ಮ್ಯಾಲೆ ಎಲಿ ಹಿಡದು ಸಾವಕಾಶ ಮ್ಯಾಲೆ ಎತ್ತಿ ನೋಡ್ರಿ. ಹತ್ತಿರ ಇದ್ದಾಗ ಕತ್ತರಿಸಿದಂಗ ಇರ್ತದ, ಎತ್ತಿದಷ್ಟು ಮಸುಕ ಆಗ್ತದ. ಸೂರ್ಯ ಚುಕ್ಕಿ ಅಲ್ಲ, ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ ಇರೂ ಬಿಲ್ಲೆ. ಅದಕ್ಕ ಎಲಿ ಒಂದು ಮೀಟರ್ ದೂರ ಇದ್ರ ಅಂಚು ಹತ್ತಿರಹತ್ತಿರ 9 ಮಿಲಿಮೀಟರ್ ಮಸುಕ ಆಗ್ತದ. ಬಾಲದ ತುದಿ ಕರಗೇ ಹೋಗ್ತದ. ನೋಡೋರಿಗೆ ಈ ಲೆಕ್ಕ ಗೊತ್ತಿರಂಗಿಲ್ಲ, ಆದ್ರ ಎಲಿ ಎಷ್ಟು ಎತ್ತರ ಅದ ಅಂತ ಅವರ ಕಣ್ಣು ಇದ್ರಾಗೇ ಓದ್ತದ.

ಕುಂಚಕಲಿಕೆ:
ಆರನೇ ಹಾಳೆ! ದಾರ ಕಟ್ಟಿ ಬರೆದೆ. ನಮ್ಮ ಅಮ್ಮ ನೋಡಿ "ಗಾಳಿ ಬಂತಾ?" ಅಂದ್ರು, ನನಗೆ ಕಣ್ತುಂಬಿ ಬಂತು. ಆದ್ರೆ ನೆರಳಿನ ಸುತ್ತ ಗಟ್ಟಿ ಗೆರೆ ಬಂದಿದೆ, ಮಧ್ಯ ಹೂಕೋಸಿನ ಹಾಗೆ ಕಲೆ. ಕೆಸರೂ ಹಾಗೇ ಇದೆ. ಹಳದಿ ಹಸಿ ಇದ್ದಾಗ ಹಸಿರು, ಅದರ ಮೇಲೆ ಕೆಂಪು ಬಿಡ್ತೀನಿ.

ಬಿಳಿಹಾಳೆ:
ಅಮ್ಮ ಹೇಳಿದ್ದೇ ಸರಿಯಾದ ಪರೀಕ್ಷೆ.

ಹಸಿರು, ಕೆಂಪು ಎದುರುಬದುರು ಬಣ್ಣಗಳು. ಹಸಿಯಲ್ಲಿ ಸೇರಿದ್ರೆ ಒಂದನ್ನೊಂದು ಕೊಂದು ಕೆಸರಾಗುತ್ತೆ. ಹಳದಿ ಪೂರ್ತಿ ಒಣಗಲಿ, ಬೆರಳ ಹಿಂಭಾಗ ತಾಗಿಸಿದಾಗ ತಣ್ಣಗೆ ಅನ್ನಿಸಿದ್ರೆ ಒಳಗೆ ಇನ್ನೂ ನೀರಿದೆ ಅಂತ. ಆಮೇಲೆ ಬರ್ಂಟ್ ಸಿಯೆನ್ನಾ (ಕೆಂಪುಗಂದು ಬಣ್ಣ) ತೆಳುವಾಗಿ ಒಂದು ಪದರ. ಹಸಿರು ಬೇಕಿದ್ರೆ ನರದ ಪಕ್ಕ ಮಾತ್ರ, ಬೇರೆ ಪದರದಲ್ಲಿ. ಟ್ಯೂಬಿನ ಹಿಂದೆ ಪಿಗ್ಮೆಂಟ್ (ಬಣ್ಣ ಕೊಡೋ ಮೂಲ ಪುಡಿ) ಸಂಖ್ಯೆ ಕೂಡ ನೋಡಿ. ಒಂದೇ ಪಿಗ್ಮೆಂಟ್ ಇರೋ ಬಣ್ಣ ಬೆರೆಸಿದಾಗ ತಿಳಿಯಾಗಿರುತ್ತೆ, ಮೂರ್ನಾಲ್ಕು ಸೇರಿರೋದು ಬೇಗ ಕದಡುತ್ತೆ.

ನೆರಳಿಗೆ ಮೊದಲು ಬರೀ ನೀರು ಸವರಿ, ನೆರಳಿಗಿಂತ ಅಗಲವಾಗಿ. ನೀರು ಇನ್ನೂ ಹೊಳೀತಿರುವಾಗಲೇ ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ಂಟ್ ಸಿಯೆನ್ನಾ ಬೆರೆಸಿ ಮಧ್ಯಕ್ಕೆ ತಾಗಿಸಿ, ಅಂಚಿಗೆ ಅದಾಗಿಯೇ ಹರಿಯುತ್ತೆ. ಹೊಳಪು ಹೋದ ಮೇಲೆ ಮುಟ್ಟಲೇಬೇಡಿ. ಹೂಕೋಸು ಬರೋದು ಅರ್ಧ ಒಣಗಿದಾಗ ಮತ್ತೆ ನೀರು ಬಿಟ್ರೆ.

ಕುಂಚಕಲಿಕೆ:
ನೆರಳು ಬಂತು ಸರ್, ಎರಡನೇ ಪ್ರಯತ್ನಕ್ಕೆ. ಬೇಕಾಗಿದ್ದು ಕೈ ಕಟ್ಟಿ ಕೂರೋ ತಾಳ್ಮೆ. ಬಣ್ಣವೂ ಈಗ ಕದಡ್ತಿಲ್ಲ. ತೊಟ್ಟು ಒಂದು ಇನ್ನೂ ಕಡ್ಡಿ ಹಾಗೆ ಸೆಟೆದು ನಿಂತಿದೆ, ಇವತ್ತು ಸಂಜೆ ಬರೀ ತೊಟ್ಟುಗಳನ್ನೇ ಒಂದು ಹಾಳೆ ತುಂಬ ಬರೀತೀನಿ. ಚಿಗುರು ಬರೋದ್ರೊಳಗೆ ಇನ್ನೊಂದು ಚಿತ್ರ ಮುಗಿಸ್ಬೇಕು.