ಹಳೆ ಗಾಡಿಗೆ ಟೈಮಿಂಗ್ ಲೈಟ್: ಮಿಸ್ತ್ರಿ ಕಾಕಾ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗಾವಿ ಉದ್ಯಮಬಾಗದ ನಮ್ಮ ಮಿಸ್ತ್ರಿ ಕಾಕಾ ಇದ್ದಾರೆ. ವಿಷಯ ಒಂದೇ: ಸಿಬಿ ಪಾಯಿಂಟ್ (ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಬಿಚ್ಚಿ ಮುಚ್ಚಿ ಸ್ಪಾರ್ಕ್ ಹುಟ್ಟಿಸುವ ಸಂಪರ್ಕ) ಇರುವ ಹಳೆ ಗಾಡಿಗೆ ಟೈಮಿಂಗ್ ಲೈಟ್ (ಸ್ಪಾರ್ಕ್ ಸರಿಯಾದ ಹೊತ್ತಿಗೆ ಬರುತ್ತಿದೆಯಾ ಅಂತ ಮಿಂಚಿ ತೋರಿಸುವ ಲೈಟು) ಬಳಸುವುದು. ಗಾಡಿ ಹೆಸರು, ಊರು ಬರೆದು ಕೇಳಿ. ಮಾರಾಟದ ಪೋಸ್ಟ್ ಬೇಡ.

ಮಾರಿಸ್ ಮೈನರ್, ತಿಲಕವಾಡಿ: ನಮಸ್ಕಾರ ಕಾಕಾ. ನಮ್ಮ ಗಾಡಿ 12 ವೋಲ್ಟ್, ಆದರೆ ಬ್ಯಾಟರಿಯ ಪ್ಲಸ್ ಗಾಡಿಯ ಲೋಹದ ಬಾಡಿಗೆ (ಅರ್ಥ್) ಜೋಡಿಸಿದೆ. ಲೈಟಿನ ಡಬ್ಬದ ಮೇಲೆ ‘ಕಪ್ಪು ಕ್ಲಿಪ್ ಬಾಡಿಗೆ’ ಅಂತ ಇದೆ. ಹಾಗೇ ಹಾಕಲಾ?

ಮಿಸ್ತ್ರಿ ಕಾಕಾ: ನಮಸ್ಕಾರ್ರೀ. ಹಾಕಬೇಡಿ. ಡಬ್ಬ ಬರೆದವನು ನಿಮ್ಮ ಗಾಡಿ ನೋಡಿಲ್ಲ. ಬಾಡಿ ಮರೆತು ಬ್ಯಾಟರಿ ನೋಡಿ. ಕೆಂಪು ಪ್ಲಸ್ ಟರ್ಮಿನಲ್‌ಗೆ, ಕಪ್ಪು ಮೈನಸ್ ಟರ್ಮಿನಲ್‌ಗೆ. ಲೈಟಿಗೆ ಬೇಕಾಗಿದ್ದು ಕರೆಂಟ್, ಯಾವುದು ಅರ್ಥ್ ಅನ್ನೋದು ಅದಕ್ಕೆ ಸಂಬಂಧವಿಲ್ಲ. ಇನ್ನೊಂದು ಕ್ಲಾಂಪ್ ಇರುತ್ತದಲ್ಲ, ಅದು ಒಂದನೇ ಪ್ಲಗ್ಗಿನ ವೈರ್ ಮೇಲೆ. ಅದರ ಮೇಲಿನ ಬಾಣ ಪ್ಲಗ್ ಕಡೆ ಇರಲಿ. ಸರಿಯಾಗಿ ಮಿಂಚದಿದ್ದರೆ ತಿರುಗಿಸಿ ಹಾಕಿ ನೋಡಿ.

ಒಂದು ಎಚ್ಚರಿಕೆ. ನಿಮ್ಮದು ಲೋಹದ ಬಾಡಿಯ ಹಳೆ ಲೈಟ್ ಗನ್ ಆಗಿದ್ದು, ಅದರ ಕಪ್ಪು ವೈರ್ ಗನ್ನಿನ ಬಾಡಿಗೇ ಸೇರಿದ್ದರೆ, ಅದು ಮಡ್‌ಗಾರ್ಡಿಗೆ ತಾಗಿದ ಕೂಡಲೇ ಶಾರ್ಟ್. ಪ್ಲಾಸ್ಟಿಕ್ ಗನ್ ಆದರೆ ಚಿಂತೆ ಇಲ್ಲ. ಡ್ವೆಲ್ ಮೀಟರ್ (ಪಾಯಿಂಟ್ ಎಷ್ಟು ಹೊತ್ತು ಮುಚ್ಚಿರುತ್ತದೆ ಅಂತ ಅಳೆಯೋದು) ಮಾತ್ರ ಬೇರೆ ಲೆಕ್ಕ. ಎರಡು ವೈರಿನ ಮೀಟರ್ ಆದರೆ ನಿಮ್ಮ ಗಾಡಿಯಲ್ಲಿ ಕೆಂಪು ಬಾಡಿಗೆ, ಕಪ್ಪು ವೈರ್ ಸ್ಪಾರ್ಕಿಗೆ ವೋಲ್ಟ್ ಏರಿಸುವ ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ಟರ್ಮಿನಲ್‌ಗೆ.

ಗುರುತು ಕೆಳಗಿದೆ, ಬಗ್ಗಿ ನೋಡಬೇಕು. ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು, ಟೈಮಿಂಗ್ ಕವರಿನಲ್ಲಿ ಮೂರು ಹಲ್ಲು. ಉದ್ದದ್ದು ಟಿಡಿಸಿ (ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ), ಉಳಿದವು 5 ಮತ್ತು 10 ಡಿಗ್ರಿ. ಮೊದಲು ಎಣ್ಣೆ ಜಿಡ್ಡು ಒರೆಸಿ, ಕಚ್ಚಿಗೆ ಸುಣ್ಣ ಇಲ್ಲವೇ ಬಿಳಿ ನೇಲ್ ಪಾಲಿಶ್ ಹಚ್ಚಿ. ಇಲ್ಲದಿದ್ದರೆ ಲೈಟು ಎಷ್ಟು ಮಿಂಚಿದರೂ ಕರಿ ಪುಲ್ಲಿಯೇ ಕಾಣುತ್ತದೆ.

ಪದ್ಮಿನಿ, ಜಮಖಂಡಿ: ಕಾಕಾ, ಮೊದಲು ಪಾಯಿಂಟ್ ಗ್ಯಾಪಾ, ಮೊದಲು ಟೈಮಿಂಗಾ?

ಮಿಸ್ತ್ರಿ ಕಾಕಾ: ಗ್ಯಾಪ್. ಗ್ಯಾಪ್ ಜಾಸ್ತಿ ಮಾಡಿದರೆ ಪಾಯಿಂಟ್ ಬೇಗ ಬಿಚ್ಚುತ್ತದೆ, ಟೈಮಿಂಗ್ ಮುಂದೆ ಹೋಗುತ್ತದೆ, ಅಂದರೆ ಸ್ಪಾರ್ಕ್ ಬೇಗ. ಕಡಿಮೆ ಮಾಡಿದರೆ ಹಿಂದೆ. ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಕೆಲಸ ಹಾಳು.

ಅಂಬಾಸಿಡರ್, ಗೋಕಾಕ: ಗ್ಯಾಪ್ ಮೊದಲಾ ಟೈಮಿಂಗ್ ಮೊದಲಾ ಕಾಕಾ?

ಮಿಸ್ತ್ರಿ ಕಾಕಾ: ಮೇಲೆ ಓದಿ.

ಷೆವರ್ಲೆ 1948, ವಿಜಯಪುರ: ಕಾಕಾ, ಇದು ಅಜ್ಜನ ಗಾಡಿ. ಆರು ಸಿಲಿಂಡರ್, 6 ವೋಲ್ಟ್. ಹೊಸ ಲೈಟು ಗಾಡಿ ಬ್ಯಾಟರಿಗೆ ಹಾಕಿದರೆ ಮಿಂಚಲೇ ಇಲ್ಲ. ಬೇರೆ 12 ವೋಲ್ಟ್ ಬ್ಯಾಟರಿ ಪಕ್ಕದಲ್ಲಿಟ್ಟು ಲೈಟಿಗಷ್ಟೇ ಕೊಟ್ಟೆ, ಮಿಂಚಿತು. ಆದರೆ ಫ್ಲೈವೀಲ್ (ಇಂಜಿನ್ ಹಿಂದಿನ ಭಾರದ ಚಕ್ರ) ಕಿಂಡಿಯಲ್ಲಿ ಗುರುತಿನ ಗುಂಡು ಎರಡು ಕಡೆ ಕಾಣುತ್ತಿದೆ. ಒಂದು ಮುಳ್ಳಿನ ನೇರಕ್ಕೆ, ಇನ್ನೊಂದು ಸ್ವಲ್ಪ ಪಕ್ಕಕ್ಕೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಲೈಟು ಕೆಟ್ಟಿದೆಯಾ?

ಮಿಸ್ತ್ರಿ ಕಾಕಾ: ಭೇಷ್. ಇಂಥ ಪ್ರಶ್ನೆ ಬರಲಿ ಅಂತಲೇ ಕೂತಿದ್ದೆ. ಬೇರೆ ಬ್ಯಾಟರಿ ಇಟ್ಟಿದ್ದೂ ಸರಿ. 6 ವೋಲ್ಟ್ ಗಾಡಿಗೆ ಅದೇ ದಾರಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ಕಾಲದ ಷೆವರ್ಲೆಯಲ್ಲಿ ಗುರುತು ಪುಲ್ಲಿ ಮೇಲಿಲ್ಲ. ಫ್ಲೈವೀಲ್‌ನಲ್ಲಿ ಸಣ್ಣ ಉಕ್ಕಿನ ಗುಂಡು ಕೂರಿಸಿದ್ದಾರೆ. ಅದು ಟಿಡಿಸಿಗಿಂತ 5 ಡಿಗ್ರಿ ಮುಂಚೆ. ಸ್ಟಾರ್ಟರ್ ಹತ್ತಿರದ ಕಿಂಡಿಯಲ್ಲಿ ನೋಡಬೇಕು.

ಈಗ ನಿಮ್ಮ ಗುಂಡು. ಪಕ್ಕದ ವೈರಿನ ಸ್ಪಾರ್ಕ್ ಕ್ಲಾಂಪಿಗೆ ತಾಗಿ ಲೈಟು ಸುಳ್ಳು ಮಿಂಚುತ್ತಿದೆ ಅಂತ ಯಾರಾದರೂ ಹೇಳುತ್ತಾರೆ. ಇಲ್ಲಿ ಅದಲ್ಲ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರಿಗೆ ಸ್ಪಾರ್ಕ್ ಬರುವ ಸರದಿ, 1-5-3-6-2-4. ಎರಡು ಸ್ಪಾರ್ಕ್ ನಡುವೆ ಕ್ರ್ಯಾಂಕ್ 120 ಡಿಗ್ರಿ ತಿರುಗುತ್ತದೆ. 5ನೇ ಅಥವಾ 4ನೇ ವೈರಿಗೆ ಲೈಟು ಮಿಂಚಿದ್ದರೆ ಗುಂಡು ಎಲ್ಲೋ ದೂರ ಇರುತ್ತಿತ್ತು, ಕಿಂಡಿಯಲ್ಲಿ ಬರೀ ಫ್ಲೈವೀಲ್ ಕಾಣುತ್ತಿತ್ತು. ನಿಮಗೆ ಗುಂಡೇ ಕಾಣುತ್ತಿದೆ, ಅದೂ ಅಕ್ಕಪಕ್ಕದಲ್ಲಿ. ಅಂದರೆ ಲೈಟು ನಿಜ ಹೇಳುತ್ತಿದೆ, ಸ್ಪಾರ್ಕೇ ಒಮ್ಮೆ ಬೇಗ ಒಮ್ಮೆ ತಡ.

ಡಿಸ್ಟ್ರಿಬ್ಯೂಟರ್ ಕ್ಯಾಮ್ (ತಿರುಗುತ್ತಾ ಪಾಯಿಂಟನ್ನು ತಳ್ಳಿ ಬಿಚ್ಚುವ ಮೂಲೆಗಳ ತುಂಡು) ಸವೆದಿರಬಹುದಾ? ಸವೆದಿದ್ದರೂ ಒಂದನೇ ಸಿಲಿಂಡರಿಗೆ ಪ್ರತಿ ಸಲ ಕ್ಯಾಮಿನ ಅದೇ ಮೂಲೆ ಬರುತ್ತದೆ. ಗುಂಡು ತಪ್ಪು ಜಾಗದಲ್ಲಿ ನಿಂತೀತು, ಕುಣಿಯೋದಿಲ್ಲ. ಕುಣಿಯುತ್ತಿದೆ ಅಂದರೆ ನನ್ನ ಅನುಮಾನ ಶಾಫ್ಟಿನ ಬುಷ್ (ಶಾಫ್ಟ್ ತಿರುಗುವ ಒಳಬಳೆ) ಮೇಲೆ. ಬುಷ್ ಸವೆದರೆ ಶಾಫ್ಟ್ ಓಲಾಡುತ್ತದೆ, ಪಾಯಿಂಟ್ ಗ್ಯಾಪ್ ಸುತ್ತು ಸುತ್ತಿಗೂ ಬದಲಾಗುತ್ತದೆ. ಎರಡನೇ ಅನುಮಾನ ಒಳಗಿನ ಅಡ್ವಾನ್ಸ್ (ವೇಗ ಏರಿದಂತೆ ಸ್ಪಾರ್ಕ್ ಬೇಗ ಮಾಡುವ) ಸ್ಪ್ರಿಂಗ್ ಸಡಿಲಾಗಿರೋದು. ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ವೇಗ) ಜಾಸ್ತಿ ಇದ್ದರೂ ಅಡ್ವಾನ್ಸ್ ಆಗಲೇ ಶುರುವಾಗಿ ಗುಂಡು ಅಲ್ಲಾಡಬಹುದು. ಐಡಲ್ ಆದಷ್ಟು ಇಳಿಸಿ.

ಹೀಗೆ ನೋಡಿ. ಇಂಜಿನ್ ಆಫ್. ಕ್ಯಾಪ್ ತೆಗೆಯಿರಿ. ಪಾಯಿಂಟ್ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಹ್ಯಾಂಡಲ್ ತಿರುಗಿಸಿ. ರೋಟರ್ (ಶಾಫ್ಟಿನ ತಲೆ ಮೇಲಿನ ತುಂಡು) ಹಿಡಿದು ಪಕ್ಕಕ್ಕೆ ಒತ್ತಿ, ಬಿಡಿ. ತಿರುಗಿಸಬೇಡಿ, ಒತ್ತಿ ಅಷ್ಟೇ. ಪಾಯಿಂಟ್ ಗ್ಯಾಪ್ ಕಣ್ಣಿಗೆ ಕಾಣುವಷ್ಟು ಬದಲಾದರೆ ಬುಷ್ ಹೋಗಿದೆ. ಆಮೇಲೆ ಕ್ಲಾಂಪ್ 6ನೇ ವೈರಿಗೆ ಹಾಕಿ ಲೈಟು ಬಿಡಿ. 1 ಮತ್ತು 6ರ ಪಿಸ್ಟನ್ ಒಟ್ಟಿಗೆ ಮೇಲೆ ಬರುತ್ತವೆ, ಗುಂಡು ಅದೇ ಜಾಗಕ್ಕೆ ಬರಬೇಕು. ಬರದಿದ್ದರೆ ಕ್ಯಾಮನ್ನೂ ನೋಡಬೇಕಾಗುತ್ತದೆ. ಫಲಿತಾಂಶ ಇಲ್ಲೇ ಹಾಕಿ.

ಹೆರಾಲ್ಡ್, ಚಿಕ್ಕೋಡಿ: ಕಾಕಾ, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದರೆ ಹೇಗೆ?

ವಿಲ್ಲೀಸ್ ಜೀಪು, ಮುಧೋಳ: ನನಗೆ ಬಂದ ಫಾರ್ವರ್ಡ್ ಹಾಕುತ್ತಿದ್ದೇನೆ: ‘6 ವೋಲ್ಟ್ ಗಾಡಿ ಇದೆಯೇ? ಏನೂ ಬದಲಿಸದೆ ನೇರ 12 ವೋಲ್ಟ್ ಬ್ಯಾಟರಿ ಹಾಕಿ. ಸೆಲ್ಫ್ ಜೋರು, ಟೈಮಿಂಗ್ ಲೈಟೂ ನಡೆಯುತ್ತದೆ. ಪಿಕಪ್‌ಗೆ ಟ್ಯಾಂಕಿಗೆ ಎರಡು ಡಾಂಬರು ಗುಳಿಗೆ ಹಾಕಿ. ಪಾಯಿಂಟನ್ನು ಬೆಂಕಿಪೊಟ್ಟಣದ ಪಟ್ಟಿಯಿಂದ ಉಜ್ಜಿ. 10 ಜನರಿಗೆ ಕಳಿಸಿ.’ ನಿಜವೇ ಕಾಕಾ?

ಮಿಸ್ತ್ರಿ ಕಾಕಾ: ಈ ಫಾರ್ವರ್ಡ್ ನನಗೂ ಎಷ್ಟೋ ಸಲ ಬಂದಿದೆ. ಸೆಲ್ಫ್ ಜೋರು ತಿರುಗೋದು ನಿಜ. ಎಷ್ಟು ಜೋರು ಅಂದರೆ ಅದರ ಹಲ್ಲು ಫ್ಲೈವೀಲ್ ಅಂಚಿನ ರಿಂಗ್ ಗೇರಿಗೆ ಜೋರಾಗಿ ಬಡಿಯುತ್ತದೆ. 6 ವೋಲ್ಟಿನ ಕಾಯಿಲ್‌ಗೆ ದುಪ್ಪಟ್ಟು ಕರೆಂಟ್ ಹರಿದು ಕಾಯುತ್ತದೆ. ಪಾಯಿಂಟ್ ಸುಡುತ್ತದೆ. ಸ್ವಿಚ್ ಒತ್ತಿದ ಕೂಡಲೇ ಬಲ್ಬು ಢಂ. 6 ವೋಲ್ಟಿನ ಡೈನಮೊ ಆ ಬ್ಯಾಟರಿಯನ್ನು ಚಾರ್ಜ್ ಮಾಡುವುದೇ ಇಲ್ಲ, ದಾರಿಯಲ್ಲೇ ನಿಲ್ಲುತ್ತೀರಿ. 12 ವೋಲ್ಟ್ ಬೇಕಂದರೆ ಕಾಯಿಲ್, ಬಲ್ಬು, ಡೈನಮೊ, ರೆಗ್ಯುಲೇಟರ್ ಎಲ್ಲ ಬದಲಿಸಿ, ಇಲ್ಲವೇ ಸುಮ್ನೆ ಬಿಡಿ. ಲೈಟಿಗೆ ಬೇರೆ ಬ್ಯಾಟರಿ, ಷೆವರ್ಲೆಯವರು ಮಾಡಿದ ಹಾಗೆ.

ಡಾಂಬರು ಗುಳಿಗೆ ಸೀರೆ ಟ್ರಂಕಿಗೆ. ಬೆಂಕಿಪೊಟ್ಟಣದ ಪಟ್ಟಿಯ ಪುಡಿ ಪಾಯಿಂಟಿನಲ್ಲೇ ಉಳಿಯುತ್ತದೆ. ಪಾಯಿಂಟ್ ಫೈಲ್ (ಸಣ್ಣ ಅರ) ಇದೆ, ಅಂಗಡಿಯಲ್ಲಿ ಸಿಗುತ್ತದೆ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ವಿಲ್ಲೀಸ್ ಜೀಪು, ಮುಧೋಳ: ಕೇಳಿದ್ದಷ್ಟೇ ಕಾಕಾ, ನಾನು ಮಾಡಿಲ್ಲ.

ಅಂಬಾಸಿಡರ್, ಗೋಕಾಕ: ಇಷ್ಟೆಲ್ಲ ಯಾಕೆ? ನಮ್ಮಪ್ಪ ಲೈಟೂ ಇಲ್ಲ, ಮೀಟರೂ ಇಲ್ಲ, ಬರೀ ಕಿವಿಯಿಂದ ಟೈಮಿಂಗ್ ಇಡುತ್ತಿದ್ದರು. ಗಾಡಿ ಗಡಿಯಾರದ ಹಾಗೆ ನಡೆಯುತ್ತಿತ್ತು.

ಪದ್ಮಿನಿ, ಜಮಖಂಡಿ: ಆ ಗಾಡಿಯಲ್ಲಿ ಹಾರ್ನ್ ಬಿಟ್ಟು ಎಲ್ಲ ಸದ್ದು ಮಾಡುತ್ತದೆ. ಕಿವಿಗೆ ಟೈಮಿಂಗ್ ಹೇಗೆ ಕೇಳಿಸಿತು ಅಣ್ಣಾ?

ಅಂಬಾಸಿಡರ್, ಗೋಕಾಕ: ನಿಮ್ಮ ಪದ್ಮಿನಿ ಘಾಟು ಹತ್ತುವಾಗ ಹಿಂದೆ ಲೈನ್ ನಿಂತಿರುತ್ತದೆ. ನೋಡಿದ್ದೇನೆ.

ಪದ್ಮಿನಿ, ಜಮಖಂಡಿ: ಹತ್ತುತ್ತದಲ್ಲ. ನಿಮ್ಮದು ಟೋ ಹಗ್ಗದ ಮೇಲೆ ಹತ್ತುತ್ತದೆ.

ಅಂಬಾಸಿಡರ್, ಗೋಕಾಕ: ಬೆಳಗಾವಿಗೆ ಬಂದಾಗ ಎದುರಿಗೆ ಹೇಳಿ ನೋಡೋಣ.

ಹೆರಾಲ್ಡ್, ಚಿಕ್ಕೋಡಿ: ಕಿಟ್ ಬಗ್ಗೆ ಹೇಳಿ ಕಾಕಾ.

ಮಿಸ್ತ್ರಿ ಕಾಕಾ: ಕಿವಿ ಬೇಕು, ಆದರೆ ಕೊನೆಗೆ. ಮೊದಲು ಇಂಜಿನ್ ಆಫ್ ಇಟ್ಟು ಟೆಸ್ಟ್ ಬಲ್ಬಿನಿಂದ ಹೊಂದಿಸಿ. ಬಲ್ಬಿನ ಒಂದು ವೈರ್ ಡಿಸ್ಟ್ರಿಬ್ಯೂಟರ್ ಟರ್ಮಿನಲ್‌ಗೆ, ಒಂದು ಬಾಡಿಗೆ, ಇಗ್ನಿಷನ್ ಆನ್. ಪಾಯಿಂಟ್ ಬಿಚ್ಚಿದ ಕ್ಷಣ ಬಲ್ಬು ಹತ್ತುತ್ತದೆ. ಇದಕ್ಕೆ ಅರ್ಥ್ ಪ್ಲಸ್ ಇರಲಿ ಮೈನಸ್ ಇರಲಿ, ಬಲ್ಬು ಮಾತ್ರ ಗಾಡಿಯ ವೋಲ್ಟಿನದು ಇರಲಿ. ಆಮೇಲೆ ವ್ಯಾಕ್ಯೂಮ್ ಪೈಪು ತೆಗೆದು ಪೈಪಿನ ಬಾಯಿ ಮುಚ್ಚಿ, ಲೈಟಿನಿಂದ ಐಡಲ್‌ನಲ್ಲಿ ನೋಡಿ. ವೇಗ ಏರಿಸಿದರೆ ಗುರುತು ಮುಂದೆ ಸರಿಯಬೇಕು. ಸರಿಯದಿದ್ದರೆ ಅಡ್ವಾನ್ಸ್ ತೂಕ ಜಾಮ್ ಆಗಿದೆ, ಅದನ್ನು ಯಾರ ಅಪ್ಪನ ಕಿವಿಯೂ ಹೇಳಲ್ಲ. ಕೊನೆಗೆ ವಂಟಮೂರಿ ಘಾಟಿನಂಥ ಏರಿನಲ್ಲಿ ಟಾಪ್ ಗೇರಲ್ಲಿ ಆಕ್ಸಿಲರೇಟರ್ ಒತ್ತಿ. ಟಕಟಕ ನಾಕಿಂಗ್ ಬಂದರೆ ಒಂಚೂರು ಹಿಂದೆ ತನ್ನಿ. 1948ರ ಪುಸ್ತಕದ ಅಂಕಿ ಆ ಕಾಲದ ಪೆಟ್ರೋಲಿಗೆ. ಈಗಿನದು ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿ) ಜಾಸ್ತಿ, ಅದಕ್ಕೇ ಕೊನೆಯ ಮಾತು ಪುಸ್ತಕದ್ದಲ್ಲ, ಏರಿನಲ್ಲಿ ಕೇಳುವ ಕಿವಿಯದು.

ಜಗಳ ಬೇರೆ ಕಡೆ ಆಡಿ.

ಪದ್ಮಿನಿ, ಇಳಕಲ್: ಕಾಕಾ, ಸೂಪರ್! ಇವತ್ತೇ ಶೆಡ್ಡಿನಲ್ಲಿ ಲೈಟ್ ಹಾಕಿ ನೋಡಿದೆ. ಬೆಳಕು ಚೆನ್ನಾಗಿ ಕಾಣಲಿ ಅಂತ ಬಾಗಿಲು ಹಾಕಿದ್ದೆವು. ಅವ್ವ ಲೈಟ್ ಹಿಡಿದಿದ್ದಳು, ನಾನು ವಿಡಿಯೊ ಮಾಡಿದೆ. ಪುಲ್ಲಿ, ಫ್ಯಾನ್ ಎಲ್ಲ ನಿಂತ ಹಾಗೆ ಕಾಣುತ್ತದೆ, ಮ್ಯಾಜಿಕ್! ಗುರುತನ್ನು ಬೆರಳಿಂದ ತೋರಿಸಿದ್ದೇನೆ. ವಿಡಿಯೊ ನೋಡಿ.

ಮಿಸ್ತ್ರಿ ಕಾಕಾ: ತಮ್ಮಾ, ವಿಡಿಯೊ ನೋಡಿದೆ. ಮೈ ಜುಂ ಅಂತು. ಇನ್ನೊಮ್ಮೆ ಹೀಗೆ ಮಾಡಬೇಡ. ಎಲ್ಲರೂ ಓದಿ.

ಲೈಟು ಒಂದನೇ ಪ್ಲಗ್ ಹೊಡೆದಾಗ ಮಾತ್ರ ಮಿಂಚುತ್ತದೆ. ಇಂಜಿನ್ ನಿಮಿಷಕ್ಕೆ 800 ಸುತ್ತು ಇದ್ದರೆ 400 ಮಿಂಚು. ಪ್ರತಿ ಮಿಂಚಿಗೂ ಪುಲ್ಲಿ ಅದೇ ಜಾಗಕ್ಕೆ ಬಂದಿರುತ್ತದೆ, ಅದಕ್ಕೇ ನಿಂತ ಹಾಗೆ ಕಾಣೋದು. ಫ್ಯಾನೂ ನಿಂತ ಹಾಗೆ, ಇಲ್ಲವೇ ಮೆಲ್ಲಗೆ ಸರಿದ ಹಾಗೆ ಕಾಣುತ್ತದೆ. ಅದು ನಿಂತಿಲ್ಲ. ನಿನ್ನ ಬೆರಳು ಎಲೆಯಿಂದ ಒಂದು ಗೇಣೂ ದೂರ ಇರಲಿಲ್ಲ. ಬಾಗಿಲು ಹಾಕಿ ಕತ್ತಲು ಮಾಡಿದ್ದರಿಂದ ನಿಜವಾದ ಫ್ಯಾನ್ ಕಾಣಲೇ ಇಲ್ಲ, ಮಿಂಚಿನ ಫ್ಯಾನ್ ಅಷ್ಟೇ ಕಂಡಿದೆ. ಅದಕ್ಕಿಂತ ಹೆದರಿಕೆ ನಿಮ್ಮ ಅವ್ವನ ಸೆರಗು. ರೇಡಿಯೇಟರ್ ಮೇಲೆ ಬಗ್ಗಿದಾಗ ಇಳಿಬಿದ್ದಿತ್ತು. ಫ್ಯಾನ್ ಬೆಲ್ಟಿಗೆ ಸಿಕ್ಕರೆ ಕೂಗುವಷ್ಟು ಹೊತ್ತೂ ಸಿಗಲ್ಲ. ಶಲ್ಯ, ಟವೆಲ್, ಕೊರಳ ಚೈನು ಯಾವುದೂ ಬೇಡ. ಲೈಟಿನ ವೈರನ್ನೂ ಫ್ಯಾನಿನಿಂದ ದೂರ ಕಟ್ಟಿ. ಕ್ಲಾಂಪ್ ಹಾಕೋದು, ತೆಗೆಯೋದು ಇಂಜಿನ್ ಆಫ್ ಇದ್ದಾಗ ಮಾತ್ರ.

ಎರಡನೇದು, ಮುಚ್ಚಿದ ಶೆಡ್. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ವಾಸನೆ ಇಲ್ಲ. ತಲೆನೋವು ಬರುತ್ತದೆ, ನಿದ್ದೆ ಬರುತ್ತದೆ, ಆಮೇಲೆ ಏಳೋದಿಲ್ಲ. ಗಾಡಿ ಹೊರಗೆ ತಂದು ಸಂಜೆ ಹೊತ್ತಿಗೆ ಮಾಡು, ಅಷ್ಟು ಮಬ್ಬು ಸಾಕು. ಅವ್ವನಿಗೆ ಈಗ ತಲೆನೋವು ಇದೆಯಾ? ಮೊದಲು ಅದು ಹೇಳು.

ಮೂರನೇದು, ವಿಡಿಯೊದಲ್ಲಿ ಪೆಟ್ರೋಲ್ ಪೈಪ್ ಜಿನುಗಿದ ಹಾಗಿದೆ. ಈಗಿನ ಎಥೆನಾಲ್ ಪೆಟ್ರೋಲ್ ಹಳೆ ರಬ್ಬರ್ ತಿನ್ನುತ್ತದೆ. ಅದನ್ನು ಬದಲಿಸುವವರೆಗೆ ಸ್ಟಾರ್ಟ್ ಮಾಡಬೇಡ.

ಪದ್ಮಿನಿ, ಇಳಕಲ್: ತಲೆನೋವು ಇಲ್ಲ ಕಾಕಾ, ಅವ್ವ ಚಹಾ ಮಾಡುತ್ತಿದ್ದಾಳೆ. ವಿಡಿಯೊ ತೆಗೆದುಹಾಕಿದೆ. ಪೈಪು ನಾಳೆ ಬದಲಿಸುತ್ತೇನೆ.

ಅಂಬಾಸಿಡರ್, ಗೋಕಾಕ: ಅದಕ್ಕೇ ಹೇಳಿದ್ದು, ಕಿವಿಯೇ ಒಳ್ಳೇದು.

ಪದ್ಮಿನಿ, ಜಮಖಂಡಿ: ಮತ್ತೆ ಶುರುವಾಯ್ತು ಇವರದು.

ಫಿಯೆಟ್, ಬಾದಾಮಿ: 6 ವೋಲ್ಟ್ ಗಾಡಿಗೆ ಲೈಟ್ ಹೇಗೆ ಹಾಕೋದು ಕಾಕಾ?

ಮಿಸ್ತ್ರಿ ಕಾಕಾ: ಮೇಲಿದೆ.

ಫಿಯೆಟ್, ಬಾದಾಮಿ: ಎಲ್ಲಿ? ಸಿಗಲಿಲ್ಲ.

ಮಿಸ್ತ್ರಿ ಕಾಕಾ: ರೀ, ಬೆರಳಿಂದ ಮೇಲೆ ಸರಿಸಿ. ಮತ್ತೆ, ನಿಮ್ಮ ಫಿಯೆಟ್ 1100 ಆದರೆ ಅದು 12 ವೋಲ್ಟ್.

ಷೆವರ್ಲೆ 1948, ವಿಜಯಪುರ: ಕಾಕಾ, ನೀವು ಹೇಳಿದ್ದೇ ನಿಜ. ರೋಟರ್ ಒತ್ತಿದರೆ ಗ್ಯಾಪ್ ಬದಲಾಗೋದು ಚೆನ್ನಾಗಿ ಕಾಣುತ್ತದೆ. 6ನೇ ವೈರಿಗೂ ಗುಂಡು ಹಾಗೇ ಕುಣಿಯುತ್ತಿದೆ, ಹೆಚ್ಚುಕಮ್ಮಿ ಅದೇ ಜಾಗದಲ್ಲಿ.

ಮಿಸ್ತ್ರಿ ಕಾಕಾ: ಹಾಗಾದರೆ ಕ್ಯಾಮ್ ಬಚಾವ್, ಬುಷ್ ಹೋಗಿದೆ. ಹೊಸ ಡಿಸ್ಟ್ರಿಬ್ಯೂಟರ್ ಹುಡುಕಲು ಹೋಗಬೇಡಿ. ಉದ್ಯಮಬಾಗದಲ್ಲಿ ಲೇತ್‌ಗೆ ಬರವಿಲ್ಲ, ಗನ್ ಮೆಟಲ್ (ತಾಮ್ರದ ಮಿಶ್ರಲೋಹ) ಬುಷ್ ಮಾಡಿಸಿ, ತೂತು ಶಾಫ್ಟಿನ ಅಳತೆಗೆ ಬರುವಂತೆ ರೀಮ್ ಹೊಡೆಸಿ. ಬಿಚ್ಚುವ ಮುಂಚೆ ಒಂದನೇ ಸಿಲಿಂಡರ್ ಟಿಡಿಸಿಗೆ ತನ್ನಿ. ರೋಟರ್ ಯಾವ ಕಡೆ ನೋಡುತ್ತಿದೆ, ಬಾಡಿ ಎಲ್ಲಿ ಕೂತಿದೆ, ಎರಡಕ್ಕೂ ಗೀರು ಹಾಕಿ. ಡಿಸ್ಟ್ರಿಬ್ಯೂಟರ್ ಹೊರಗಿರುವಾಗ ಯಾರೂ ಹ್ಯಾಂಡಲ್ ಮುಟ್ಟಬಾರದು. ಹಾಕಿದ ಮೇಲೆ ಎಣ್ಣೆ ಕಪ್ಪಿಗೆ ನಾಲ್ಕು ಹನಿ ಎಣ್ಣೆ. ಅದನ್ನು ಬಿಟ್ಟಿದ್ದಕ್ಕೇ ಬುಷ್ ತಿಂದಿರೋದು.

ಹೆರಾಲ್ಡ್, ಚಿಕ್ಕೋಡಿ: ಮೂರನೇ ಸಲ ಕೇಳುತ್ತಿದ್ದೇನೆ. ಕಿಟ್??

ಅಂಬಾಸಿಡರ್, ಗೋಕಾಕ: ಕಿಟ್ ಹಾಕುವವರು ಹೊಸ ಗಾಡಿ ತಗೊಳ್ಳಿ.

ಹೆರಾಲ್ಡ್, ಚಿಕ್ಕೋಡಿ: ನಿಮ್ಮನ್ನು ಕೇಳಿದೆನಾ ನಾನು?

ವಿಲ್ಲೀಸ್ ಜೀಪು, ಮುಧೋಳ: ಇನ್ನೊಂದು ಫಾರ್ವರ್ಡ್ ಬಂದಿದೆ, ಕಾಯಿಲ್ ಮೇಲೆ ಒದ್ದೆ ಬಟ್ಟೆ ಸುತ್ತಿದರೆ...

ಮಿಸ್ತ್ರಿ ಕಾಕಾ: ಸುತ್ತಬೇಡಿ. ಕಾಯಿಲ್ ಕಾಯುತ್ತಿದೆ ಅಂದರೆ ಕಾಯಿಲ್ ತಪ್ಪು ವೋಲ್ಟಿನದು, ಇಲ್ಲವೇ ಇಗ್ನಿಷನ್ ಆನ್ ಬಿಟ್ಟಿದ್ದೀರಿ. ನನಗೆ ಊಟದ ಹೊತ್ತಾಯಿತು.

ಹೆರಾಲ್ಡ್, ಚಿಕ್ಕೋಡಿ: ಕಾಕಾ?

ಅಡ್ಮಿನ್: ಕಾಮೆಂಟ್ ಬಂದ್ ಮಾಡಿದ್ದೇನೆ. ಗೋಕಾಕ ಮತ್ತು ಜಮಖಂಡಿಯವರು ನನಗೆ ಪ್ರತ್ಯೇಕ ಮೆಸೇಜ್ ಮಾಡಿ.