ಬೇವಿನ ಗಿಡದ ವಿಷಯ: ನಾಳೆ ಬೆಳಿಗ್ಗೆ 7ಕ್ಕೆ ಕಟ್ಟೆ ಹತ್ತಿರ ಬನ್ನಿ

ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಇವತ್ತು ಮಧ್ಯಾಹ್ನ ಗಟಾರದ ಕೆಲಸದವರು ಬಂದು ನಮ್ಮ ಓಣಿಯ ಬೇವಿನ ಗಿಡಕ್ಕೆ ಕೆಂಪು ಬಣ್ಣದ ಗುರುತು ಹಾಕಿ ಹೋಗಿದ್ದಾರೆ. ಹೊಸ ಗಟಾರಕ್ಕೆ ಅಡ್ಡ ಬರುತ್ತದಂತೆ. ಸೋಮವಾರ ಕಡಿಯುತ್ತಾರಂತೆ. ಅನುಮತಿ ಪತ್ರ ತೋರಿಸಿ ಅಂದೆ. ಸಾಹೇಬರ ಹತ್ತಿರ ಇದೆ ಅಂದರು. ಯಾವ ಸಾಹೇಬರು ಅಂತ ಹೇಳಲಿಲ್ಲ.

ನನಗೆ ಊಟ ಸೇರಲಿಲ್ಲ. ಗುಂಪಿನಲ್ಲಿ ಹೊಸದಾಗಿ ಬಾಡಿಗೆಗೆ ಬಂದವರೂ ಇದ್ದೀರಿ. ಅದಕ್ಕೆ ಸ್ವಲ್ಪ ಹಿಂದಿನದು ಹೇಳುತ್ತೇನೆ. ನಾವು ಮುಳುಗಡೆ ಮಂದಿ. ಆಲಮಟ್ಟಿ ಹಿನ್ನೀರು ಘಟಪ್ರಭೆಗುಂಟ ಏರಿ ಹಳೆ ಬಾಗಲಕೋಟೆಗೆ ಬಂದಾಗ ಸಮುದ್ರ ಮಟ್ಟದಿಂದ 521 ಮೀಟರ್ ಎತ್ತರದ ಒಳಗಿನ ಮನೆ ಬಿಡಬೇಕಾಯಿತು. ನಮ್ಮ ಮನೆಯೂ ಅದರಲ್ಲಿತ್ತು. ಬಾಗಿಲು, ಕಿಟಕಿ, ತೊಲೆ, ಒಳಕಲ್ಲು ಎಲ್ಲ ಕಿತ್ತು ಟ್ರ್ಯಾಕ್ಟರ್‌ಗೆ ಹೇರಿ ನವನಗರಕ್ಕೆ ತಂದೆವು. ಹಿತ್ತಲಿನ ಹುಣಸೆ ಗಿಡ ತರಲಿಕ್ಕೆ ಆಗಲಿಲ್ಲ. ಅವ್ವ ಅದನ್ನು ಮುಟ್ಟಿ ನಮಸ್ಕಾರ ಮಾಡಿ ಬಂದರು.

ಇಲ್ಲಿ ಬಂದಾಗ ಈ ಓಣಿ ಬರೀ ಬಯಲು. ಮಧ್ಯಾಹ್ನ ನಿಲ್ಲಲು ನೆರಳಿಲ್ಲ. ಮೊದಲ ಮಳೆಗಾಲದಲ್ಲೇ ಅವ್ವ ಈ ಸಸಿ ಹಚ್ಚಿದರು. ಆಡು ಮೇಯದಂತೆ ಸುತ್ತ ಜಾಲಿ ಮುಳ್ಳು ಕಟ್ಟಿದರು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಕೊಡದಲ್ಲಿ ಹಿಡಿದಿಟ್ಟು ಸಂಜೆ ಹಾಕುತ್ತಿದ್ದರು. ಈಗ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಕಾಯಿಪಲ್ಲೆ ಮಾರುವ ಅಕ್ಕ ಎಲ್ಲಿ ಕೂರುತ್ತಾರೆ? ಸ್ಕೂಲ್ ವ್ಯಾನಿಗೆ ಮಕ್ಕಳು ಎಲ್ಲಿ ಕಾಯುತ್ತಾರೆ? ಹೋಳಿಯಲ್ಲಿ ನಮ್ಮ ಓಣಿ ಹುಡುಗರು ಹಲಗೆ ಕಾಯಿಸಿ ಬಾರಿಸುವುದು ಇದರ ಕೆಳಗೇ ಅಲ್ವಾ? ಯುಗಾದಿಗೆ ಬೇವಿನ ಹೂ ಬೇಕೆಂದು ಎಷ್ಟು ಮನೆಯವರು ಬರುತ್ತೀರಿ!

ಒಮ್ಮೆ ನೀರಿಗೆ ಬಿಟ್ಟುಕೊಟ್ಟಿದ್ದೇವೆ. ಇದನ್ನು ಒಂದು ಗಟಾರಕ್ಕೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಎದುರು ಮನೆ:
ನಿಮ್ಮ ಸಂಕಟ ಗೊತ್ತಾಗುತ್ತದೆ. ಆದರೆ ನನ್ನದೂ ಕೇಳಿ. ಕಂಪೌಂಡ್ ಗೋಡೆ ಬಿರುಕು ಬಿಟ್ಟಿದೆ. ಎಲೆ ಉದುರಿ ಗಟಾರ ಕಟ್ಟುತ್ತದೆ. ಒಂದು ಕೊಂಬೆ ವಯರ್ ಹತ್ತಿರ ಬಂದಿದೆ. ಹೋದ ವರ್ಷ ಗಾಳಿ ಮಳೆ ಬಂದ ರಾತ್ರಿ ಮಕ್ಕಳನ್ನು ಹಿಂದಿನ ಖೋಲಿಯಲ್ಲಿ ಮಲಗಿಸಿದೆವು.

ಮೂಲೆ ಮನೆ:
ಅದು ನಿಜ. ಇಷ್ಟು ದಿನ ನಾವು ಯಾರೂ ನಿಮ್ಮನ್ನು ಕೇಳದಿದ್ದದ್ದು ತಪ್ಪು. ಆ ಕೊಂಬೆ ತೆಗೆಸಲೇಬೇಕು. ನಾಳೆಯ ಅರ್ಜಿಯಲ್ಲಿ ಅದನ್ನೂ ಬರೆಯೋಣ. ಲೈನ್ ಬಂದ್ ಮಾಡಿಸಿ ವಿದ್ಯುತ್ ಸಿಬ್ಬಂದಿಯೇ ತೆಗೆಯಲಿ, ನಾವು ಯಾರೂ ಏರುವುದು ಬೇಡ.

ಮಹಡಿ ಮನೆ:
ನಾನು ಕಟ್ಟಡ ಕೆಲಸದವನು. ಸಂಜೆ ಟೇಪ್ ಹಿಡಿದು ನೋಡಿದೆ. ಗಟಾರದ ಗುರುತು ಬುಡದಿಂದ ಎರಡೇ ಅಡಿ ದೂರ ಇದೆ. ಅಲ್ಲಿ ಜೆಸಿಬಿ ಹಾಕಿದರೆ ಆ ಕಡೆಯ ದಪ್ಪ ಬೇರೆಲ್ಲ ಹರಿಯುತ್ತದೆ. ಗಿಡ ಉಳಿದರೂ ಹಿಡಿತ ಹೋಗುತ್ತದೆ, ಮುಂದಿನ ಗಾಳಿಗೆ ವಾಲುತ್ತದೆ. ಅದಕ್ಕೆ ಬರೀ "ಕಡಿಯಬೇಡಿ" ಅಂದರೆ ಸಾಲದು. ಗಟಾರ ನಾಲ್ಕೈದು ಅಡಿ ರಸ್ತೆ ಕಡೆ ಬಾಗಲಿ ಅಂತ ಕೇಳಬೇಕು. ಜಾಗ ಇದೆ. ತಿರುವು ನಿಧಾನವಾಗಿ ಕೊಟ್ಟು ಒಂದು ಚೇಂಬರ್ ಮಾಡಿದರೆ ಹೂಳು ನಿಲ್ಲುವುದಿಲ್ಲ, ಎಲೆ ತೆಗೆಯುವುದೂ ಸುಲಭ. ಬುಡದ ಹತ್ತಿರದ ಅಗೆತ ಕೈಯಿಂದಲೇ ಆಗಬೇಕು. ಬುಡಕ್ಕೆ ಕಾಂಕ್ರೀಟ್ ಬಡಿಯಲೂಬಾರದು. ದೆಹಲಿಯ ಗಿಡಗಳ ಸುತ್ತ ಒಂದು ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದೆ. ನಮಗೂ ಅದೇ ಅಳತೆ ಇರಲಿ.

ಎದುರು ಮನೆಯವರ ಗೋಡೆಗೆ ಬೇರು ಕಾರಣ ಇರಬಹುದು. ಆದರೆ ಗಿಡದಿಂದ ಆರು ಮನೆ ಆಚೆ ಇರುವ ನನ್ನ ಗೋಡೆಯೂ ಬಿರಿದಿದೆ. ನಮ್ಮದು ಎರೆ ಮಣ್ಣು. ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಇಂಥ ಮಣ್ಣಿನಲ್ಲಿ ದೊಡ್ಡ ಗಿಡ ಒಮ್ಮೆಲೇ ತೆಗೆದರೆ ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ಪಾಯ ಇನ್ನೂ ಮೇಲೇಳಬಹುದು. ಬನ್ನಿ, ನಾಳೆ ಗೋಡೆ ಪಕ್ಕ ಅಗೆದು ಬೇರು ಇದೆಯೋ ಇಲ್ಲವೋ ನೋಡೋಣ.

ಬಾಡಿಗೆ ಮನೆ, ಹಿಂದಿನ ಸಾಲು:
ಒಂದಕ್ಕೆ ಹತ್ತು ಸಸಿ ಹಚ್ಚುತ್ತೇವೆ ಅಂತ ಗಟಾರದ ಕೆಲಸದ ಹುಡುಗರು ಹೇಳುತ್ತಿದ್ದರು. ಒಪ್ಪಿದರೆ ಹೇಗೆ?

ಮೂಲೆ ಮನೆ:
ಹತ್ತು ಸಸಿ ಬೇಕು, ಖಂಡಿತ ಹಚ್ಚೋಣ. ಆದರೆ ಇದರ ಬದಲಿಗಲ್ಲ. ಆ ಹತ್ತರಲ್ಲಿ ಒಂದು ಇಷ್ಟು ನೆರಳು ಕೊಡಲು ಇಪ್ಪತ್ತು ವರ್ಷ ಬೇಕು. ಅಲ್ಲಿಯವರೆಗೆ ಯಾರು ನೀರು ಹಾಕುತ್ತಾರೆ ಅಂತ ಅವರು ಹೇಳಿಲ್ಲ.

ಟೀಚರ್ ಮನೆ:
ಅರ್ಜಿ ನಾನು ಬರೆಯುತ್ತೇನೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಗಿಡ ಕಡಿಯಲು ಅನುಮತಿ ಕೊಡುವವರು ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿ, ಗುತ್ತಿಗೆದಾರರಲ್ಲ. ಅದಕ್ಕೆ ನಾಳೆ ಸಹಿ ಆದ ಕೂಡಲೇ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಎರಡು ಮಾತು ಕೇಳೋಣ: ಅನುಮತಿ ಕೊಟ್ಟಿದ್ದೀರಾ, ಕೊಟ್ಟಿದ್ದರೆ ಸ್ಥಳ ನೋಡಿ ಕೊಟ್ಟಿರಾ. ಅರ್ಜಿಯ ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಂಡೇ ಬರಬೇಕು. ಮಾಹಿತಿ ಹಕ್ಕಿನಲ್ಲೂ ಕೇಳಬಹುದು, ಆದರೆ ಉತ್ತರಕ್ಕೆ 30 ದಿನದ ಅವಕಾಶ ಇರುತ್ತದೆ. ಸೋಮವಾರಕ್ಕೆ ಅದು ಆಗುವುದಿಲ್ಲ. ಗಿಡ ಗಟ್ಟಿ ಇದೆಯೋ, ಒಳಗೆ ಪೊಳ್ಳಾಗಿದೆಯೋ ನೋಡಲು ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯದವರನ್ನೂ ಕೇಳೋಣ. ನಮ್ಮ ಊರಲ್ಲೇ ಇದ್ದಾರೆ.

ಕೆಲಸದ ಹುಡುಗರ ಜೊತೆ ಯಾರೂ ಜಗಳ ಮಾಡಬೇಡಿ. ಅವರು ಕೂಲಿಗೆ ಬಂದವರು. ಗಿಡಕ್ಕೆ ಹಾಕಿದ ಕೆಂಪು ಗುರುತಿನ ಫೋಟೋ ಮಾತ್ರ ಎಲ್ಲರೂ ತೆಗೆದಿಟ್ಟುಕೊಳ್ಳಿ.

ಎದುರು ಮನೆ:
ಕೊಂಬೆ ತೆಗೆಸುವ ಮಾತು ಅರ್ಜಿಯಲ್ಲಿ ಇದ್ದರೆ ನಾನೂ ಸಹಿ ಹಾಕುತ್ತೇನೆ. ಗೋಡೆ ಪಕ್ಕ ಅಗೆಯಲು ಗುದ್ದಲಿ ನಮ್ಮ ಮನೆಯಲ್ಲೇ ಇದೆ.

ಮೂಲೆ ಮನೆ:
ತುಂಬಾ ಉಪಕಾರವಾಯಿತು. ಸೋಮವಾರ ಬೆಳಿಗ್ಗೆ ಆರರಿಂದ ಕಟ್ಟೆ ಮೇಲೆ ಇಬ್ಬಿಬ್ಬರಾದರೂ ಇರೋಣ. ಮೊದಲ ಪಾಳಿ ನಂದು.

ಇನ್ನೊಂದು. ಯಾರ ಮನೆಯಲ್ಲಾದರೂ ಇಂಕ್ ಪ್ಯಾಡ್ ಇದ್ದರೆ ನಾಳೆ ತನ್ನಿ. ಅವ್ವನಿಗೆ ಸಹಿ ಬರುವುದಿಲ್ಲ. ಅರ್ಜಿಯಲ್ಲಿ ಮೊದಲು ತಮ್ಮ ಹೆಬ್ಬೆಟ್ಟೇ ಬೀಳಬೇಕು ಅನ್ನುತ್ತಿದ್ದಾರೆ.